ಪಕ್ಷಮಾಸಕ್ಕೆ ಸಿಕ್ಕಿಬಿದ್ದ ಕಾರಿನ ವಿಮೆ

ಕಾರು ನನ್ನದಾಗಿದ್ದಷ್ಟು ಕಾಲ ನಾನು ಅದಕ್ಕೆ ಹೆದರಿದವನಲ್ಲ. ಹೆದರಿಕೆ ಶುರುವಾದದ್ದು ಅದನ್ನು ಮಾರಿದ ಮೇಲೆ. ಇದೆಂಥ ಹುಚ್ಚು ಎಂದು ಹೆಂಡತಿ ಕೇಳಿದಳು. ಹುಚ್ಚೇ ಇರಬಹುದು. ಆದರೆ ಮೋಟಾರು ವಾಹನ ಕಾಯಿದೆಯ ಪ್ರಕಾರ ಅದು ಸಂಪೂರ್ಣ ಸಿಂಧುವಾದ ಹುಚ್ಚಾಗಿತ್ತು.

ಕಾರು ಅಂಥ ಘನವಾದದ್ದೇನಲ್ಲ. ಬೂದು ಬಣ್ಣದ್ದು, ನಾಲ್ವರು ಕೂತರೆ ಐದನೆಯವರು ಬರುತ್ತೇನೆ ಅನ್ನದಿರಲಿ ಎಂದು ಬೇಡಿಕೊಳ್ಳಬೇಕಾದಂಥದ್ದು. ಘಾಟ್ಕೋಪರಿನ ನಮ್ಮ ಸೊಸೈಟಿಯ ಅಂಗಳದಲ್ಲಿ ನೀರಿನ ಟಾಕಿಯ ಮಗ್ಗುಲಿಗೆ ವಾರವಿಡೀ ಹೊದಿಕೆ ಹೊದ್ದು ಮಲಗಿರುತ್ತಿತ್ತು. ರವಿವಾರ ಮಾತ್ರ ಎಬ್ಬಿಸಿ, ನಾನೂ ಹೆಂಡತಿಯೂ ಮಾಟುಂಗಾಕ್ಕೆ ಹೋಗಿ ತರಕಾರಿ, ಬಾಳೆಲೆ, ಹುರಿದ ಕಾಫಿಪುಡಿ ತರುತ್ತಿದ್ದೆವು. ನಾನು ಓಡಿಸುವ ಕ್ರಮ ನಿಧಾನದ್ದು. ಹಿಂದಿನವರು ಹಾರ್ನ್ ಬಾರಿಸಿದರೆ ಅವರಿಗೆ ಅವಸರವಿದೆ ಎಂದು ತಿಳಿದು ಕನಿಕರಪಡುತ್ತಿದ್ದೆನೇ ಹೊರತು ವೇಗ ಹೆಚ್ಚಿಸುತ್ತಿರಲಿಲ್ಲ.

ಈ ಪಯಣಗಳಿಗೆ ಮಂಗಳ ಹಾಡಿದ್ದು ನನ್ನ ಎಡಗಾಲಿನ ಮೊಣಕಾಲು. ಮುಂಬಯಿಯ ಟ್ರಾಫಿಕ್ಕಿನಲ್ಲಿ ಕ್ಲಚ್ ಒತ್ತಿ ಒತ್ತಿ ಅದು ಒಂದು ದಿನ ಸಂಪು ಹೂಡಿತು. ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು, ಕ್ಲಚ್ಚು ಮೊಣಕಾಲು ಎರಡರಲ್ಲಿ ಒಂದನ್ನು ಉಳಿಸಿಕೊಳ್ಳಿ ಅಂದರು. ಹಳೆಯ ಮೊಣಕಾಲಿಗೆ ಗಿರಾಕಿ ಸಿಗುವುದು ಕಷ್ಟವಾದ್ದರಿಂದ ಕಾರನ್ನು ಮಾರುವುದೆಂದು ತೀರ್ಮಾನವಾಯಿತು. ದುಃಖದ ಸಂಗತಿಯೆಂದರೆ, ಮೊಣಕಾಲು ಈ ನಿರ್ಧಾರಕ್ಕೆ ಬರುವ ಸ್ವಲ್ಪವೇ ಮೊದಲು ನಾನು ಕಾರಿನ ವಿಮೆಯನ್ನು ಇಡೀ ವರ್ಷಕ್ಕೆ ನವೀಕರಿಸಿದ್ದೆ. ಅದೂ ಸಾದಾ ವಿಮೆಯಲ್ಲ. ಮುಂದಿನ ಬಂಪರಿನಿಂದ ಹಿಂದಿನ ಬಂಪರಿನವರೆಗೆ ಒಂದು ಸ್ಕ್ರೂ ಕೂಡ ಅನಾಥವಾಗದಂಥ ವಿಮೆ.

‘ಗಾಡಿ ಮಾರಿದ ಮ್ಯಾಲೆ ಪಾಲಿಸಿ ಕ್ಯಾನ್ಸಲ್ ಮಾಡಿ ಉಳಿದ ದುಡ್ಡು ವಾಪಸ್ ತಗೋರಿ,’ ಅಂದಳು ಹೆಂಡತಿ. ಧಾರವಾಡದ ಮಣ್ಣಿನವಳು. ಮುಂಬಯಿಗೆ ಬಂದು ಎಷ್ಟೋ ಕಾಲವಾದರೂ ಮಾತಿಗೆ ಮುಂಬಯಿಯ ಉಪ್ಪುಗಾಳಿ ತಾಗಗೊಟ್ಟಿಲ್ಲ. ಅವಳು ಹೇಳಿದಾಗ ಅದು ಬಹಳ ಸರಳವಾಗಿ ಕೇಳಿಸಿತು.

ಕಾರು ಕೊಂಡವರು ನಮ್ಮ ಮನೆಯ ಬಚ್ಚಲಿಗೆ ಟೈಲ್ಸ್ ಹಾಕಿದ ಕಾಂಟ್ರಾಕ್ಟರು. ಬಾಗಲಕೋಟೆ ಕಡೆಯವರು. ಸಾಂತಾಕ್ರೂಜ್ ಪೂರ್ವದಲ್ಲಿ ಮನೆ, ಊರೆಲ್ಲ ಕೆಲಸ. ನಮ್ಮಲ್ಲಿ ಕೆಲಸ ನಡೆದಾಗ ಬಚ್ಚಲಿನ ಕಿಟಕಿಯಿಂದ ಕೆಳಗಿನ ಕಾರನ್ನು ನೋಡುತ್ತಿದ್ದರು. ಕೊನೆಯ ದಿನ ಕೈ ತೊಳೆದುಕೊಳ್ಳುತ್ತ ಕೇಳಿಯೇಬಿಟ್ಟರು.

‘ಸರ, ಆ ಗಾಡಿ ಯಾವಾಗ್ಲೂ ಮಕ್ಕೊಂಡ ಇರ್ತೈತೇನ್ರಿ?’

‘ಮಾರೋದದ,’ ಅಂದೆ.

‘ನನಗ ಕೊಡ್ರಿ. ಮಗಳು ಚೊಚ್ಚಲ ಹೆರಿಗಿಗೆ ಬಂದಾಳ. ದವಾಖಾನಿಗೆ ರಿಕ್ಷಾದಾಗ ಕುಣಿಸ್ಕೋತ ಒಯ್ಯೂದಂದ್ರ ಜೀವ ಝಲ್ ಅಂತೈತಿ. ಸಾಂತಾಕ್ರೂಜಿನ ರಸ್ತಾ ನೋಡೀರಲ್ಲ.’

ಹೆರಿಗೆಯ ಕಾರಣ ಕೇಳಿ ಹೆಂಡತಿ ಕರಗಿದಳು. ಬೆಲೆಯೂ ಅದೇ ಪ್ರಮಾಣದಲ್ಲಿ ಕರಗಿತು.

ಗಣಪತಿ ವಿಸರ್ಜನೆಯ ಗದ್ದಲ ಮುಗಿದ ಮರುಸಂಜೆ ಕಾಂಟ್ರಾಕ್ಟರು ತೆಂಗಿನಕಾಯಿ, ಲಿಂಬೆಹಣ್ಣು, ಒಂದು ಮಾರು ಹೂವು ಹಿಡಿದು ಬಂದರು. ದುಡ್ಡು ಮಧ್ಯಾಹ್ನವೇ ನನ್ನ ಖಾತೆಗೆ ಬಂದಿತ್ತು. ಮರುದಿನದಿಂದ ಪಕ್ಷಮಾಸ. ಸತ್ತ ಹಿರಿಯರಿಗೆ ಮೀಸಲಾದ ಆ ಹದಿನೈದು ದಿನ ನಮ್ಮ ಕಡೆ ಯಾರೂ ಹೊಸದೇನನ್ನೂ ಮನೆಗೆ ತರುವುದಿಲ್ಲ. ಹೀಗಾಗಿ ಗಾಡಿ ಇವತ್ತೇ ತಮ್ಮ ಮನೆಯ ಮುಂದೆ ನಿಲ್ಲಬೇಕು ಅಂದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಮಾಲಕತ್ವ ಬದಲಾವಣೆಯ ಅರ್ಜಿಗೆ ನಾನು ಸಹಿ ಹಾಕಿದೆ. ಅದನ್ನು ಮಡಚಿ ಜೇಬಿಗಿಡುತ್ತ ಅವರು, ‘ನಾಳೆ ಮುಂಜಾನೆ ಆರ್‌ಟಿಓ ಏಜಂಟಗ ಕೊಟ್ಟುಬಿಡ್ತೀನ್ರಿ,’ ಅಂದರು.

ಇಲ್ಲಿ ನಾನು ಸುಮ್ಮನಿರಬೇಕಿತ್ತು.

ನಮ್ಮ ಬಿಲ್ಡಿಂಗಿನ ಸುತ್ತಮುತ್ತಲ ಕನ್ನಡಿಗರಲ್ಲಿ ಪಂಚಾಂಗ ನೋಡಿ ಹೇಳುವ ಮನುಷ್ಯ ನಾನು. ಪೌರೋಹಿತ್ಯ ಗೊತ್ತಿಲ್ಲ, ಜ್ಯೋತಿಷ್ಯ ಮೊದಲೇ ಇಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಆದರೆ ಪ್ರತಿ ಯುಗಾದಿಗೆ ತಪ್ಪದೆ ಪಂಚಾಂಗ ತರಿಸುತ್ತೇನೆ, ಮತ್ತು ಅದನ್ನು ಕನ್ನಡಕ ಮೂಗಿನ ತುದಿಗೆ ಇಳಿಸಿ ಓದುತ್ತೇನೆ. ಜನಕ್ಕೆ ಇಷ್ಟು ಸಾಕಾಗುತ್ತದೆ. ಗೃಹಪ್ರವೇಶ ಯಾವಾಗ, ಮಗುವಿನ ಜಾವಳ ಯಾವಾಗ ಎಂದು ಕೇಳಿಕೊಂಡು ಬರುತ್ತಾರೆ. ಕೇಳುವವರಿದ್ದಾಗ ಹೇಳುವ ಚಟ ತಾನಾಗಿ ಹತ್ತುತ್ತದೆ. ಕೆಲವೊಮ್ಮೆ ಕೇಳದಿದ್ದಾಗಲೂ ಹೇಳಿಬಿಡುತ್ತೇವೆ.

‘ನಾಳೆಯಿಂದ ಪಕ್ಷಮಾಸ ಅಂತ ನೀವೇ ಅಂದ್ರಿ,’ ಅಂದೆ ಗಂಭೀರವಾಗಿ. ‘ಪಕ್ಷಮಾಸದಾಗ ಗಾಡಿ ಹೆಸರಿಗೆ ಮಾಡಿಸ್ಕೋತಾರೇನು?’

ಕಾಂಟ್ರಾಕ್ಟರ ಮುಖ ಸಣ್ಣದಾಯಿತು. ‘ಹೌದಲ್ರೀ ಸರ! ತಲಿಗೇ ಹೊಳೀಲಿಲ್ಲ. ಹಂಗಾರ ಯಾವಾಗ ಮಾಡೂಣ್ರಿ?’

ನಾನು ಪಂಚಾಂಗ ತರಿಸಿ, ಕನ್ನಡಕ ಇಳಿಸಿ, ಪುಟ ತಿರುವಿದೆ. ಉತ್ತರ ಗೊತ್ತಿದ್ದರೂ ತಿರುವಿದೆ. ‘ವಿಜಯದಶಮಿ. ಆ ದಿನಕ್ಕ ಮುಹೂರ್ತ ನೋಡೋ ಜರೂರೇ ಇಲ್ಲ. ಹಿಡಿದ ಕೆಲಸ ಗೆದ್ದಂಗೇ.’

ಅವರು ಬಗ್ಗಿ ನನ್ನ ಕಾಲು ಮುಟ್ಟಿದರು. ನಾನು ಆಶೀರ್ವದಿಸಿದೆ. ಲಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ ಕಾರು ಗೇಟು ದಾಟಿತು. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಒಂದು ಥರ ನೋಡಿದಳು. ಮೆಚ್ಚುಗೆ ಇರಬೇಕು ಅಂದುಕೊಂಡೆ.

ಎರಡು ದಿನ ಬಿಟ್ಟು ವಿಮೆಯ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಪರೇಲಿಗೆ ಹೊರಟೆ. ಕಂಪನಿಯ ಶಾಖೆ ಹಿಂದೆ ಮಿಲ್ಲು ಇದ್ದ ಜಾಗದಲ್ಲಿ ಎದ್ದ ಗಾಜಿನ ಕಟ್ಟಡದಲ್ಲಿತ್ತು. ಕೌಂಟರಿನಲ್ಲಿ ಒಬ್ಬಳು ಹುಡುಗಿ. ನನ್ನ ಅಡ್ಡಹೆಸರು ನೋಡಿದವಳೇ ಮುಖ ಅರಳಿಸಿ, ‘ಅಂಕಲ್, ಕನ್ನಡದವರಾ? ನಂಗೆ ಥೋಡಾ ಥೋಡಾ ಬರ್ತದೆ. ಅಜ್ಜಿ ಜೊತೆ ಮಾತಾಡ್ತೀನಿ, ಬಸ್,’ ಅಂದಳು. ಪರೇಲಿನಲ್ಲಿ ಕನ್ನಡ ಕೇಳಿದ ಸಂತೋಷದಲ್ಲಿ ನಾನು ಕುರ್ಚಿಯಲ್ಲಿ ಆರಾಮಾಗಿ ಒರಗಿದೆ. ಆ ಆರಾಮ ಬಹಳ ಹೊತ್ತು ಉಳಿಯಲಿಲ್ಲ.

‘ಕಾರು ಮಾರಿದೀನಮ್ಮಾ. ಪಾಲಿಸಿ ರದ್ದು ಮಾಡಬೇಕು. ಉಳಿದ ದಿನಗಳ ಹಣ ವಾಪಸು ಬೇಕು.’

‘ಆಗ್ತದೆ ಅಂಕಲ್. ಆರ್‌ಸಿ ಅವರ ಹೆಸರಿಗೆ ಆಗಿರೋದು ತೋರಿಸಿ. ಅವರು ತಮ್ಮ ಹೆಸರಲ್ಲಿ ಹೊಸ ಇನ್ಶುರನ್ಸ್ ತಗೊಂಡಿರೋದು ತೋರಿಸಿ. ನೀವು ಕ್ಲೇಮ್ ಏನೂ ತಗೊಂಡಿಲ್ಲ, ಸೋ ರಿಫಂಡ್ ಬರ್ತದೆ.’

‘ಆರ್‌ಸಿ ಇನ್ನೂ ಆಗಿಲ್ಲ. ದಸರಾಕ್ಕೆ ಆಗ್ತದೆ.’

‘ದಸರಾ?’ ಅವಳು ಕಂಪ್ಯೂಟರು ಬಿಟ್ಟು ನನ್ನನ್ನು ನೋಡಿದಳು. ‘ಮತ್ತೆ ಗಾಡಿ ಈಗ ಎಲ್ಲಿದೆ?’

‘ಅವರ ಹತ್ತಿರ. ಓಡಿಸ್ತಿದಾರೆ.’

‘ಅರೆ ಬಾಪ್‌ರೇ. ಅಂಕಲ್, ಹಾಗಾದ್ರೆ ಗಾಡಿ ನಿಮ್ಮದೇ.’

‘ಮಾರಿದೀನಿ ಅಂದೆನಲ್ಲಮ್ಮಾ.’

‘ಮನಸ್ಸಲ್ಲಿ ಮಾರಿದೀರಿ. ಸರ್ಕಾರದ ರೆಕಾರ್ಡಲ್ಲಿ ನಿಮ್ಮದೇ. ಕಲ್ ಕೋ ಅವರು ಯಾರಿಗಾದ್ರೂ ಗಾಡಿ ಹೊಡೆದ್ರೆ ಕೋರ್ಟ್ ನೋಟಿಸ್ ಯಾರಿಗೆ ಬರ್ತದೆ? ನಿಮಗೆ. ಕಂಪನಿ ಕೂಡ ಕೇಳ್ತದೆ, ಗಾಡಿ ಮಾರಿ ನಮಗೆ ಯಾಕೆ ಹೇಳಿಲ್ಲ. ಈಗ ಈ ಪಾಲಿಸಿ ಕ್ಯಾನ್ಸಲ್ ಮಾಡಿದ್ರೆ ಇನ್ನೂ ಡೇಂಜರ್, ಇನ್ಶುರನ್ಸೇ ಇಲ್ಲದ ಗಾಡಿ ಆಗ್ತದೆ. ಮೊದಲು ಟ್ರಾನ್ಸ್‌ಫರ್ ಮಾಡಿಸಿ, ಜಲ್ದಿ. ಯಾಕೆ ಲೇಟ್ ಮಾಡ್ತಿದಾರೆ ಅವರು?’

ಯಾಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಹುಡುಗಿಗೆ ಹೇಳುವ ಧೈರ್ಯ ಬರಲಿಲ್ಲ. ‘ಅವರ ಕಡೆ ಏನೋ ಪದ್ಧತಿ,’ ಅಂದು ಎದ್ದೆ. ಹೆಂಡತಿಯ ಆ ನೋಟ ಮೆಚ್ಚುಗೆಯದಾಗಿರಲಿಲ್ಲ ಎಂಬ ಜ್ಞಾನೋದಯ ಪರೇಲ್ ಸ್ಟೇಷನ್ನಿನ ಸೇತುವೆಯ ಮೇಲೆ ಆಯಿತು.

ಮನೆಗೆ ಬಂದವನೇ ಕಾಂಟ್ರಾಕ್ಟರಿಗೆ ಫೋನ್ ಮಾಡಿದೆ. ನಾಳೆಯೇ ಹೆಸರಿಗೆ ಮಾಡಿಸಿಬಿಡೋಣ ಅಂದೆ.

‘ಪಕ್ಷಮಾಸದಾಗ?’ ಅವರ ದನಿಯಲ್ಲಿ ನೋವಿತ್ತು. ‘ಸರ, ನೀವ ಹೇಳಿದ್ರಿ ಬ್ಯಾಡ ಅಂತ.’

‘ಹೇಳಿದ್ದೆ. ಆದ್ರ ಸರ್ಕಾರಿ ಕಾಗದಕ್ಕ ಅಷ್ಟೇನೂ...’

‘ಇಲ್ರಿ ಸರ. ನಮ್ಮ ಅವ್ವಗ ಊರಿಗೆ ಫೋನ್ ಹಚ್ಚಿ ಹೇಳೀನಿ. ಇಂಥಾ ಶಹರದಾಗ ಇದ್ದೂ ಶಾಸ್ತ್ರಾ ಬಿಟ್ಟಿಲ್ಲ ನೋಡಪಾ, ದೊಡ್ಡ ಮನಷ್ಯಾ ಅಂವಾ ಅಂದಳ್ರಿ. ನಿಮಗ ಅಲ್ಲಿಂದನ ಕೈ ಮುಗದಾಳ.’

ಬಾಗಲಕೋಟೆ ಜಿಲ್ಲೆಯ ಒಬ್ಬ ಹಿರಿಯ ಹೆಣ್ಣುಮಗಳು ಕೈಮುಗಿದು ನಿಲ್ಲಿಸಿದ ಪೀಠದಿಂದ ಇಳಿಯುವುದು ನನ್ನಿಂದಾಗಲಿಲ್ಲ. ಫೋನಿಟ್ಟೆ. ‘ಏನಂದ್ರಿ?’ ಅಂದಳು ಹೆಂಡತಿ. ‘ನಾನು ದೊಡ್ಡ ಮನುಷ್ಯನಂತೆ,’ ಅಂದೆ. ‘ಅದಕ್ಕ ಹಿಂಗಾತು,’ ಅಂದಳು.

ಅಲ್ಲಿಂದ ಮುಂದೆ ನನ್ನ ಬದುಕು ಟ್ರಾಫಿಕ್ ಪೊಲೀಸರ ಕೈಯಲ್ಲಿತ್ತು. ಮುಂಬಯಿಯಲ್ಲಿ ಈಗ ತಪ್ಪು ಮಾಡಿದ ಗಾಡಿಯನ್ನು ಅಡ್ಡಗಟ್ಟುವುದಿಲ್ಲ. ಫೋಟೋ ಹೊಡೆದು, ದಂಡದ ಚಲಾನನ್ನು ಮಾಲಕನ ಮೊಬೈಲಿಗೆ ಕಳಿಸುತ್ತಾರೆ. ಮಾಲಕ ನಾನು. ಮೊದಲ ಚಲಾನು ಸಾಂತಾಕ್ರೂಜ್ ಸ್ಟೇಷನ್ ಎದುರು ನಿಲ್ಲಿಸಿದ್ದಕ್ಕೆ. ಲಿಂಕ್ ಒತ್ತಿದರೆ ನನ್ನ ಬೂದು ಕಾರು, ಕನ್ನಡಿಗೆ ಕಟ್ಟಿದ ಕರಿ ದಾರ, ಹಿಂದಿನ ಗಾಜಿನ ಮೇಲೆ ಹೊಸದಾಗಿ ಅಂಟಿಸಿದ ‘ತಾಯಿ ಆಶೀರ್ವಾದ’. ಎರಡನೆಯದು ಹೈವೇಯಲ್ಲಿ ಅತಿವೇಗಕ್ಕೆ. ಅದರಲ್ಲಿ ನಮೂದಿಸಿದ ವೇಗ ನೋಡಿ ನಾನು ಇದು ಬೇರೆ ಕಾರು ಎಂದು ವಾದಿಸಿದೆ.

‘ನಂಬರ್ ಅದೇ ಅದ,’ ಅಂದಳು ಹೆಂಡತಿ, ಫೋಟೋ ದೊಡ್ಡದು ಮಾಡಿ. ‘ಪಾಪ, ಅದಕ್ಕೂ ಓಡಲಿಕ್ಕೆ ಬರ್ತಿತ್ತು. ನಿಮ್ಮ ಕೈಯಾಗ ಇದ್ದಾಗ ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೇ.’

ಮೂರನೆಯದರಲ್ಲಿ ಹಿಂದಿನ ಸೀಟಿನಲ್ಲಿ ಟೈಲ್ಸ್ ಪೆಟ್ಟಿಗೆಗಳು, ಅವುಗಳ ಮೇಲೆ ಮೂವರು ಕೆಲಸಗಾರರು, ಮುಂದೆ ಬೆಲ್ಟ್ ಹಾಕದ ಕಾಂಟ್ರಾಕ್ಟರು. ಎಲ್ಲರೂ ನಗುತ್ತಿದ್ದರು. ನನ್ನ ಕಾರಿನಲ್ಲಿ ಯಾರಾದರೂ ನಗುತ್ತ ಕೂತದ್ದು ನನಗೆ ನೆನಪಿಲ್ಲ. ನಾನು ಪ್ರತಿ ಚಲಾನನ್ನೂ ಅವರಿಗೆ ಕಳಿಸುತ್ತಿದ್ದೆ, ಅವರು ಆಗಿಂದಾಗಲೇ ದಂಡ ತುಂಬಿ, ಕೈಮುಗಿಯುವ ಚಿತ್ರವೊಂದನ್ನು ಕಳಿಸುತ್ತಿದ್ದರು. ಆ ವಿಷಯದಲ್ಲಿ ಅವರ ನಿಯತ್ತಿಗೆ ಹೆಸರಿಡುವ ಹಾಗಿರಲಿಲ್ಲ.

ದಂಡದ ಚಿಂತೆ ನನಗಿರಲಿಲ್ಲ. ಇಷ್ಟು ವೇಗದಲ್ಲಿ, ಇಷ್ಟು ಭಾರ ಹೊತ್ತು, ಇಷ್ಟು ನಗುತ್ತ ಹೋಗುವ ಗಾಡಿ ಒಂದು ದಿನ ಯಾವುದಾದರೂ ಬಡಪಾಯಿಯ ಮೇಲೆ ಹೋದರೆ? ಒಂದು ಜೀವ ಹೋಗುವುದು, ನಾನು ಕೋರ್ಟಿನ ಕಟಕಟೆಯಲ್ಲಿ ನಿಂತು ‘ಮನಸ್ಸಲ್ಲಿ ಮಾರಿದ್ದೆ ಸ್ವಾಮಿ’ ಅನ್ನುವುದು, ಇದೆಲ್ಲ ಕಣ್ಣಿಗೆ ಕಟ್ಟುತ್ತಿತ್ತು. ಪೇಪರಿನಲ್ಲಿ ಅಪಘಾತದ ಸುದ್ದಿ ಕಂಡರೆ ಗಾಡಿಯ ಬಣ್ಣ ಏನೆಂದು ಹುಡುಕುತ್ತಿದ್ದೆ. ಮೊಬೈಲ್ ಟಣ್ ಅಂದರೆ ಚಹಾ ತುಳುಕುತ್ತಿತ್ತು.

ಇದರ ನಡುವೆ ಒಂದು ದಿನ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ದಿನ ಎಣಿಸುತ್ತಿದ್ದೆ. ವಿಜಯದಶಮಿ ಕೆಂಪು ಅಕ್ಷರದಲ್ಲಿತ್ತು. ಸರ್ಕಾರಿ ರಜೆ. ಪಂಚಾಂಗ ಯಾವ ದಿನವನ್ನು ಶುಭ ಎಂದು ಹಾಡಿ ಹೊಗಳುತ್ತದೋ ಅದೇ ದಿನ ಆರ್‌ಟಿಓ ಬಾಗಿಲು ಹಾಕಿಕೊಂಡು ಮನೆಗೆ ಹೋಗುತ್ತದೆ ಎಂಬುದು, ಬ್ಯಾಂಕಿನಲ್ಲಿ ಅದೇ ರಜೆಗಳನ್ನು ಆಯುಷ್ಯವಿಡೀ ಉಂಡ ನನಗೆ ಹೊಳೆಯದೇ ಹೋಗಿತ್ತು. ಮತ್ತೆ ಫೋನ್.

‘ಹಂಗಾರ ದೀಪಾವಳಿ ಪಾಡ್ಯಕ್ಕ ಇಟ್ಕೊಳ್ಳೂಣ್ರೀ ಸರ. ಅದೂ ಭಾರೀ ದಿನ ಅಲ್ರಿ?’

ಅದೂ ಕೆಂಪು. ನಾನು ಗಂಟಲು ಸರಿಪಡಿಸಿಕೊಂಡು, ‘ದಶಮಿ ದಿವಸ ಬನ್ನಿ ಕೊಟ್ಟು ತಗೊಂಡವರಿಗೆ ಮರುದಿನ ಏಕಾದಶಿಯೂ ವಿಜಯದ್ದೇ. ಅವತ್ತು ಮುಂಜಾನೆ ಆಫೀಸು ತೆಗೆದ ಕೂಡಲೇ ಮಾಡಿಸಿಬಿಡ್ರಿ,’ ಅಂದೆ. ಈ ಶಾಸ್ತ್ರ ಯಾವ ಗ್ರಂಥದ್ದೆಂದು ಅವರು ಕೇಳಲಿಲ್ಲ. ಆ ಕ್ಷಣ ಫೋನಿನಲ್ಲೇ ರಚಿತವಾದದ್ದು.

ನವರಾತ್ರಿ ಕೂತಿತು. ಬಿಲ್ಡಿಂಗಿನ ಅಂಗಳದಲ್ಲಿ ಗರಬಾ ಸುರುವಾಯಿತು, ಖಾಲಿಯಾದ ನಮ್ಮ ಪಾರ್ಕಿಂಗ್ ಜಾಗದಲ್ಲಿ ಸ್ಪೀಕರು ನಿಲ್ಲಿಸಿದರು. ದಸರಾಕ್ಕೆ ಇನ್ನೆರಡೇ ದಿನ ಉಳಿದಿದೆ ಎನ್ನುವಾಗ, ಮಧ್ಯಾಹ್ನದ ಊಟ ಮುಗಿಸಿ ಅಡಿಕೆ ಬಾಯಿಗಿಟ್ಟಿದ್ದೆ, ಮೊಬೈಲು ಟಣ್ ಅಂದಿತು. ನೋ ಪಾರ್ಕಿಂಗ್, ಸಾಂತಾಕ್ರೂಜ್. ಫೋಟೋ ತೆಗೆದು ನೋಡಿದೆ. ಕಾರು ಓರೆಯಾಗಿ ನಿಂತಿತ್ತು, ಮುಂದಿನ ಒಂದು ಚಕ್ರ ಫುಟ್‌ಪಾತಿನ ಮೇಲೆ. ಹಿಂದಿನ ಬಾಗಿಲು ಹಾಗೇ ತೆರೆದಿತ್ತು. ಕಾರಿನಾಚೆ ಒಂದು ಆಸ್ಪತ್ರೆಯ ಫಲಕ, ಅದರ ಮೇಲೆ ಕೆಂಪು ಅಕ್ಷರದಲ್ಲಿ ‘ಅಪಘಾತ ವಿಭಾಗ’ ಎಂದು ಮರಾಠಿಯಲ್ಲಿ.

ಅಡಿಕೆ ಉಗುಳಿದೆ. ಕಾಂಟ್ರಾಕ್ಟರಿಗೆ ಫೋನ್ ಹಚ್ಚಿದೆ. ಸ್ವಿಚ್ ಆಫ್.

‘ಹೆರಿಗಿ ಇರಬೇಕ್ರಿ,’ ಅಂದಳು ಹೆಂಡತಿ.

‘ಹೆರಿಗೆ ಇನ್ನೂ ಒಂದು ತಿಂಗಳದ ಅಂದಿದ್ರು. ಹೆರಿಗೆಗೆ ಹೋದವರು ಬಾಗಿಲು ತೆರೆದು ಬಿಡ್ತಾರೇನು? ಚಕ್ರ ಫುಟ್‌ಪಾತಿಗೆ ಹತ್ತಿಸ್ತಾರೇನು?’

‘ಗಂಡಸರು ಅಂಥಾ ಹೊತ್ತಿನಾಗ ಎಲ್ಲಿಗೆ ಬೇಕಾದ್ರೂ ಹತ್ತಿಸ್ತಾರ,’ ಅಂದಳು. ಆದರೂ ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ‘ನಡೀರಿ. ಇಲ್ಲಿ ಕೂತು ನೀವು ಸಾಯೋದು ನೋಡೋದಕ್ಕಿಂತ ಅಲ್ಲೇ ಹೋಗೋಣು.’

ಮೆಟ್ರೋ ಹಿಡಿದು ಅಂಧೇರಿಗೆ, ಅಲ್ಲಿಂದ ಲೋಕಲ್‌ನಲ್ಲಿ ಸಾಂತಾಕ್ರೂಜಿಗೆ ಹೋದೆವು. ದಾರಿಯುದ್ದಕ್ಕೂ ನಾನು ಯಾರೋ ಒಬ್ಬನನ್ನು ಕಲ್ಪಿಸಿಕೊಳ್ಳುತ್ತಿದ್ದೆ. ರಸ್ತೆ ದಾಟುತ್ತಿದ್ದವನು, ಕೈಯಲ್ಲಿ ಊಟದ ಡಬ್ಬಿ. ಅವನ ಮುಖ ನನಗೆ ಕಾಣಿಸುತ್ತಿರಲಿಲ್ಲ, ಡಬ್ಬಿ ಮಾತ್ರ ಸ್ಪಷ್ಟವಾಗಿ ಕಾಣಿಸುತ್ತಿತ್ತು. ಆಗ ಕೋರ್ಟು, ನೋಟಿಸು ಯಾವುದೂ ನೆನಪಾಗಲಿಲ್ಲ. ಪಕ್ಷಮಾಸದ ಮೊದಲ ದಿನವೇ ಹೆಸರಿಗೆ ಮಾಡಿಸಿದ್ದರೂ ಕಾರು ಅದೇ ಕಾರು, ಚಾಲಕ ಅದೇ ಚಾಲಕ, ಅಪಘಾತ ಆಗುವುದಿದ್ದರೆ ಆಗುತ್ತಿತ್ತು ಎಂದು ನನಗೆ ನಾನೇ ವಕಾಲತ್ತು ಮಾಡಿದೆ. ವಾದ ಬಲವಾಗಿಯೇ ಇತ್ತು. ಅದರಿಂದ ಏನೂ ಹಗುರಾಗಲಿಲ್ಲ.

ಆಸ್ಪತ್ರೆಯ ಎದುರಿಗೆ ಕಾರು ಇತ್ತು. ಬಾಗಿಲು ಹಾಕಿತ್ತು. ನಾನು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದೆ, ಬಗ್ಗಿ ಬಂಪರು ನೋಡಿದೆ. ಒಂದು ಗೀರಿರಲಿಲ್ಲ. ದೀಪಗಳು ಸರಿಯಿದ್ದವು. ಮೊಣಕಾಲು ಹಿಡಿದುಕೊಂಡು ಮೇಲೇಳುವಷ್ಟರಲ್ಲಿ, ‘ಸರ! ಬಾಯಾರೂ ಬಂದಾರ!’ ಎಂಬ ಕೂಗು. ಕಾಂಟ್ರಾಕ್ಟರು ಪೇಢೆಯ ಪೆಟ್ಟಿಗೆ ಹಿಡಿದು ಗೇಟಿನಿಂದ ಓಡಿ ಬರುತ್ತಿದ್ದರು. ಅಂಗಿಯ ಗುಂಡಿಗಳನ್ನು ಮೇಲೆಕೆಳಗೆ ಹಾಕಿಕೊಂಡಿದ್ದರು.

‘ಮೊಮ್ಮಗಳ್ರೀ ಸರ! ಹೆಣ್ಣ ಕೂಸು! ತಿಂಗಳ ಮೊದಲ ಅವಸರ ಮಾಡ್ತು. ಗಾಡಿ ಇತ್ತಂತ ಮುಟ್ಟಿದ್ವಿ, ಇಲ್ಲಾಂದ್ರ ರಿಕ್ಷಾದಾಗ... ಡಾಕ್ಟರ್ ಅಂದ್ರು, ಇನ್ನೊಂಚೂರು ತಡಾ ಆಗಿದ್ರ ಕಷ್ಟ ಇತ್ತಂತ. ಈಗ ತಾಯಿ ಮಗು ಆರಾಮ.’ ಹೇಳುತ್ತ ಹೇಳುತ್ತ ಪೆಟ್ಟಿಗೆ ತೆರೆದು ನಮ್ಮಿಬ್ಬರ ಕೈಗೂ ಒಂದೊಂದು ಪೇಢೆ ಇಟ್ಟರು. ಫೋನಿನ ಬ್ಯಾಟರಿ ಊರಿಗೆಲ್ಲ ಸುದ್ದಿ ಹೇಳಿ ತೀರಿಹೋಗಿತ್ತಂತೆ.

ನಾನು ಪೇಢೆ ಬಾಯಿಗಿಟ್ಟೆ. ಡಬ್ಬಿ ಹಿಡಿದ ಆ ಮನುಷ್ಯ ಎಲ್ಲೋ ತನ್ನ ಪಾಡಿಗೆ ಊಟ ಮಾಡುತ್ತಿದ್ದಾನೆ ಎಂಬ ಸಮಾಧಾನ ಎದೆಯೆಲ್ಲ ತುಂಬಿತ್ತು. ಹೆಂಡತಿ ಕೂಸಿನ ತೂಕ, ಬಣ್ಣ, ತಾಯಿಯ ಹಾಲು ಎಲ್ಲ ವಿಚಾರಿಸಿದಳು. ಎಲ್ಲ ಚೆಂದವಾಗಿತ್ತು. ಕೊನೆಗೆ ಕಾಂಟ್ರಾಕ್ಟರು ನನ್ನ ಕಡೆ ತಿರುಗಿ, ಗಂಭೀರರಾಗಿ ಅಂದರು:

‘ಒಂದ ಬ್ಯಾಸರ ಏನಂದ್ರ ಸರ, ಈಗ ಹತ್ತ ದಿನ ಸೂತಕ ಆತಲ್ರಿ. ಏಕಾದಶಿಗೆ ಹೆಸರಿಗೆ ಮಾಡಿಸಾಕ ಬರೂದಿಲ್ಲ. ಮುಂದ ಅಮಾಸಿ ಬಂತು. ಅದು ದಾಟಿಸಿ ನೀವ ಒಂದು ಚಲೋ ದಿನ ತಗದ ಕೊಡ್ರಿ.’

ಹುಟ್ಟಿದ್ದಕ್ಕೂ ಸೂತಕ ಹಿಡಿಯುತ್ತಾರೆ ನಮ್ಮಲ್ಲಿ. ಸಾವಿನ ಸೂತಕ ದುಃಖದ್ದು, ಇದು ಸಂತೋಷದ್ದು, ಆದರೆ ಶುಭಕಾರ್ಯ ಎರಡರಲ್ಲೂ ಇಲ್ಲ. ಪಕ್ಷಮಾಸವನ್ನು ಎತ್ತಿಹಿಡಿದ ಬಾಯಿಂದ ಸೂತಕವನ್ನು ಅಲ್ಲಗಳೆಯುವುದು ಹೇಗೆ? ನನ್ನ ಮುಂದೆ ದೀಪಾವಳಿಯವರೆಗಿನ ದಿನಗಳು ಸಾಲಾಗಿ ನಿಂತವು, ಪ್ರತಿಯೊಂದರಲ್ಲೂ ನನ್ನ ಹೆಸರಿನ ಬೂದು ಕಾರು ಹೈವೇ ಮೇಲೆ ಹಾರುತ್ತಿತ್ತು. ಪೇಢೆ ಕಹಿಯಾಯಿತು.

‘ನಿಮಗ ಯಾವ ಸೂತಕರೀ?’ ಅಂದಳು ಹೆಂಡತಿ.

‘ಹೆರಿಗಿ ಆತಲ್ರೀ ಬಾಯಾರ.’

‘ಯಾರದು?’

‘ಮಗಳದು.’

‘ಮಗಳನ್ನ ಕೊಟ್ಟೀರೋ, ಮನ್ಯಾಗ ಇಟ್ಕೊಂಡೀರೋ?’

‘ಕೊಟ್ಟೀವ್ರಿ. ಗದಗಿಗೆ.’

‘ಕೂಸು ಗದಗಿನ ಮನೀದು. ಹತ್ತು ದಿನದ ಸೂತಕ ಗದಗಿನ ಬೀಗರಿಗೆ. ಅವರು ಹಿಡೀಲಿ ಪಾಪ, ಅವರ ವಂಶ. ತವರಿನವರಿಗೆ ಮೂರು ದಿನ, ಸ್ನಾನಾ ಮಾಡಿದ್ರ ಮುಗೀತು. ಇವತ್ತು, ನಾಳೆ, ನಾಡದ ದಸರಾ. ಏಕಾದಶಿಗೆ ನೀವು ಸ್ವಚ್ಛ. ಬೀಗರ ಸೂತಕ ನೀವ್ಯಾಕ ಹೊರ್ತೀರಿ? ಗಾಡಿ ಮ್ಯಾಲೆ ಮೊದಲೇ ಟೈಲ್ಸ್ ಭಾರ ಅದ.’

ಕಾಂಟ್ರಾಕ್ಟರು ನನ್ನನ್ನು ನೋಡಿದರು. ತೀರ್ಪಿಗಾಗಿ. ನಾನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದೆ. ‘ಬರೋಬ್ಬರಿ ಅದ,’ ಅಂದೆ. ‘ಶಾಸ್ತ್ರ ಹಂಗೇ ಹೇಳ್ತದ.’

‘ಹೌದೇನ್ರಿ! ನಾ ಸುಮ್ನ ಹಿಡದ ಬಿಟ್ಟಿದ್ದೆ ನೋಡ್ರಿ,’ ಎಂದು ಅವರು ತಮ್ಮ ಹಣೆ ತಾವೇ ಬಡಿದುಕೊಂಡರು. ತಮ್ಮದಲ್ಲದ ಸೂತಕ ಇಳಿದದ್ದಕ್ಕೆ ಅವರಿಗೂ ಹಗುರೆನಿಸಿತ್ತೆಂದು ಕಾಣುತ್ತದೆ. ಇನ್ನೊಂದು ಪೇಢೆ ಕೊಟ್ಟರು. ಅದು ಸಿಹಿಯಾಗಿತ್ತು.

ಮರಳುವಾಗ ಲೋಕಲ್‌ನಲ್ಲಿ ಹೆಂಡತಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನಾನು ನಿಂತು, ‘ಇದನ್ನ ಮೊದಲ ದಿನಾನೇ ಹೇಳಬೇಕಿತ್ತು ನೀನು, ಪಕ್ಷಮಾಸಕ್ಕೂ ಏನಾದ್ರೂ ಹಾದಿ ತೋರಿಸಬೇಕಿತ್ತು,’ ಅಂದೆ. ‘ಅವತ್ತು ನೀವು ಕೈ ಎತ್ತಿ ಆಶೀರ್ವಾದ ಮಾಡ್ಲಿಕ್ಹತ್ತಿದ್ರಿ,’ ಅಂದಳು. ‘ನಡುವ ಬಾಯಿ ಹಾಕಬಾರದು ಅಂತ ಸುಮ್ನಿದ್ದೆ.’

ಏಕಾದಶಿಯ ಮುಂಜಾನೆ ಕಾಂಟ್ರಾಕ್ಟರು ಅರ್ಜಿ ಕೊಟ್ಟರು. ಆರ್‌ಟಿಓ ತನ್ನದೇ ಪಂಚಾಂಗದಂತೆ ನಡೆಯುವ ಕಚೇರಿ. ಅದರ ತಿಥಿ ವಾರಗಳು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೂ ಒಂದು ದಿನ ಕಾರಿನ ನಂಬರು ಹಾಕಿ ನೋಡಿದಾಗ ಮಾಲಕನ ಜಾಗದಲ್ಲಿ ಅವರ ಹೆಸರಿತ್ತು. ನಾನು ಪರದೆಯನ್ನು ಒರೆಸಿ ಮತ್ತೊಮ್ಮೆ ನೋಡಿದೆ. ಆಮೇಲೆ ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಕೈಯಲ್ಲಿದ್ದ ಲಟ್ಟಣಿಗೆಯನ್ನು ಕೆಳಗಿಡದೆಯೇ ನೋಡಿ, ‘ಚಲೋ ಆತು. ಮದವಿ ಮಾಡಿ ಕೊಟ್ಟಂಗಾತು,’ ಅಂದಳು.

ಅವರು ತಮ್ಮ ಹೆಸರಲ್ಲಿ ವಿಮೆ ತೆಗೆದುಕೊಂಡು ನಕಲು ಕಳಿಸಿದರು. ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಮತ್ತೆ ಪರೇಲಿಗೆ ಹೋದೆ. ಅದೇ ಹುಡುಗಿ. ಆರ್‌ಸಿ ನೋಡಿ, ‘ವಾವ್ ಅಂಕಲ್, ಫೈನಲೀ!’ ಅಂದಳು. ಪಟಪಟ ಒತ್ತಿದಳು. ರದ್ದಾಯಿತು. ಉಳಿದ ದಿನಗಳ ಲೆಕ್ಕ ಹಾಕಿ ಹಣ ಖಾತೆಗೆ ಬರುತ್ತದೆ ಅಂದಳು. ಜೊತೆಗೆ ಒಂದು ಪ್ರಮಾಣಪತ್ರ ಕೊಟ್ಟಳು. ನಾನು ಇಷ್ಟು ವರ್ಷ ಒಮ್ಮೆಯೂ ಪರಿಹಾರ ಕೇಳದ ವಿಮೆದಾರ, ಮುಂದೆ ಬೇರೆ ಕಾರು ಕೊಂಡರೆ ಆ ಸದ್ಗುಣಕ್ಕೆ ರಿಯಾಯಿತಿ ಉಂಟು ಎಂದು ಅದರಲ್ಲಿ ಬರೆದಿತ್ತು. ಬ್ಯಾಂಕಿನಿಂದ ನಿವೃತ್ತಿಯಾದಾಗಲೂ ನನ್ನ ನಡತೆಯ ಬಗ್ಗೆ ಇಷ್ಟು ಸ್ಪಷ್ಟವಾಗಿ ಯಾರೂ ಬರೆದುಕೊಟ್ಟಿರಲಿಲ್ಲ.

ಹಣ ವಾರದೊಳಗೆ ಬಂತು. ನಾನು ಬಯಸಿದ್ದಕ್ಕಿಂತ ಕಡಿಮೆ, ಹೆದರಿದ್ದಕ್ಕಿಂತ ಹೆಚ್ಚು. ಆದರೆ ನಾನು ಹಣಕ್ಕಿಂತ ಹೆಚ್ಚು ಸಲ ತೆರೆದು ಓದಿದ್ದು ಅದರ ಜೊತೆ ಬಂದ ಪತ್ರವನ್ನು. ‘ಸದರಿ ವಾಹನದಿಂದ ಈ ದಿನಾಂಕದ ನಂತರ ಉಂಟಾಗುವ ಯಾವುದೇ ಹಾನಿಗೆ ಕಂಪನಿ ಹೊಣೆಯಲ್ಲ’ ಎಂಬರ್ಥದ ಒಂದು ವಾಕ್ಯ ಅದರಲ್ಲಿತ್ತು. ಕಂಪನಿಯೇ ಹೊಣೆಯಲ್ಲವೆಂದ ಮೇಲೆ ನಾನು ಯಾವ ಲೆಕ್ಕ? ಅದನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ‘ಊಟಕ್ಕ ಏಳ್ರಿ,’ ಅಂದಳು. ಅವತ್ತು ಎರಡು ಚಪಾತಿ ಹೆಚ್ಚು ಹೋಯಿತು.

ಗದಗಿನ ಬೀಗರು ಬರುವುದು ತಡವಾಗಿ, ಕೂಸಿನ ನಾಮಕರಣ ದೀಪಾವಳಿಯ ನಂತರದ ರವಿವಾರಕ್ಕೆ ನಿಂತಿತ್ತು. ದಿನ ಯಾರು ತೆಗೆದುಕೊಟ್ಟರೋ ಗೊತ್ತಿಲ್ಲ, ನನ್ನನ್ನಂತೂ ಕೇಳಲಿಲ್ಲ. ನನಗದು ಬಹಳ ಹಿತವೆನಿಸಿತು. ಕಾಂಟ್ರಾಕ್ಟರು ನಮ್ಮನ್ನು ಕರೆದೊಯ್ಯಲು ತಾವೇ ಗಾಡಿ ತಂದರು. ಹಿಂದಿನ ಸೀಟಿನಲ್ಲಿ ನಾನು ಅಂದೇ ಮೊದಲ ಬಾರಿಗೆ ಕೂತದ್ದು. ಅಲ್ಲಿ ಕಾಲಿಗೆ ಇಷ್ಟು ಜಾಗವಿದೆ ಎಂದು ನನಗೆ ತಿಳಿದಿರಲಿಲ್ಲ.

ಅವರು ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದರಿಂದ ಕೂಸಿನ ಮೂಗು ಎಂಥದೆಂದು ತೋರಿಸುತ್ತ, ಒಂದು ಬಸ್ಸನ್ನು ಎಡಗಡೆಯಿಂದ ದಾಟಿದರು. ಮುಂದೆ ಒಂದು ಟ್ಯಾಂಕರಿಗೂ ಒಂದು ರಿಕ್ಷಾಕ್ಕೂ ನಡುವೆ ಇರದ ಜಾಗದಲ್ಲಿ ತೂರಿದರು. ನಾನು ಮೇಲಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದೆ.

‘ಹೆದರಿಕಿ ಬರ್ತದೇನ್ರಿ?’ ಅಂದಳು ಹೆಂಡತಿ ಮೆಲ್ಲಗೆ.

‘ಬರ್ತದ,’ ಅಂದೆ. ‘ಆದ್ರ ಈಗ ಬರೇ ಜೀವದ್ದು.’